ಸಿಂಕಿನ ಬಳಿಯ ಬಟ್ಟೆ ಎಷ್ಟು ದಿನದ್ದು?

ಈ ಪುಟವನ್ನು ಮಡಚಿಟ್ಟು ಒಮ್ಮೆ ನಿಮ್ಮ ಅಡುಗೆಮನೆಗೆ ಹೋಗಿ ಬನ್ನಿ. ಸಿಂಕಿನ ಬಳಿ ಒಂದು ಬಟ್ಟೆಯೋ ಸ್ಪಂಜೋ ಇದ್ದೇ ಇರುತ್ತದೆ. ಅದನ್ನು ಕೈಗೆತ್ತಿಕೊಳ್ಳಿ. ಇನ್ನೂ ಒದ್ದೆಯಾಗಿದೆಯೇ? ಮುಟ್ಟಿದರೆ ಲೋಳೆಯಂತೆ ಜಾರುತ್ತದೆಯೇ? ಮೂಸಿದರೆ ಮುಗ್ಗುಲು ವಾಸನೆ ಬರುತ್ತದೆಯೇ? ಮೂರರಲ್ಲಿ ಒಂದಕ್ಕಾದರೂ ನಿಮ್ಮ ಉತ್ತರ ಹೌದು ಎಂದಾದರೆ ಮುಂದೆ ಓದಿ.

ಕೆಲವು ವರ್ಷಗಳ ಹಿಂದೆ, ರಮಝಾನಿನ ಎರಡನೇ ವಾರದಲ್ಲಿ ನಮ್ಮ ಮನೆಯ ಮೂವರು ಮಕ್ಕಳಿಗೆ ಒಬ್ಬರ ಹಿಂದೆ ಒಬ್ಬರಿಗೆ ವಾಂತಿಭೇದಿ ಶುರುವಾಯಿತು. ನಾಲ್ಕನೆಯವರಾಗಿ ನನ್ನ ಅತ್ತೆ ಮಲಗಿದರು. ಮಕ್ಕಳು ಎರಡು ದಿನದಲ್ಲಿ ಎದ್ದು ಓಡಾಡಿದರು. ಎಪ್ಪತ್ತು ದಾಟಿದ ಅತ್ತೆಗೆ ಮಾತ್ರ ಡ್ರಿಪ್ ಹಾಕಿಸಬೇಕಾಯಿತು. ಅಂಗಡಿಯಿಂದ ತಂದ ಸಮೋಸದ ಮೇಲೆ ಅನುಮಾನ ಪಟ್ಟೆವು. ನೀರಿನ ಟ್ಯಾಂಕ್ ತೊಳೆಸಿದೆವು. ವಾರ ಕಳೆಯುವಷ್ಟರಲ್ಲಿ ಚಿಕ್ಕವನಿಗೆ ಮತ್ತೆ ಹೊಟ್ಟೆ ಕೆಟ್ಟಿತು. ಆಗ ಹಾಸಿಗೆಯಲ್ಲಿದ್ದ ಅತ್ತೆ ನನ್ನನ್ನು ಕರೆದು, "ಮಗಳೇ, ಆ ಸಿಂಕಿನ ಬಟ್ಟೆ ಎಷ್ಟು ದಿನದ್ದು?" ಎಂದು ಕೇಳಿದರು. ಉತ್ತರ ನನ್ನ ಬಳಿ ಇರಲಿಲ್ಲ. ಇಫ್ತಾರಿನ ತಟ್ಟೆ, ಗಂಜಿಯ ಬಟ್ಟಲು, ಕೋಳಿ ಕತ್ತರಿಸಿದ ಹಲಗೆ, ಊಟದ ಮೇಜು, ಮಗುವಿನ ಹಾಲಿನ ಲೋಟ ಎಲ್ಲವೂ ಅದೇ ಒಂದು ಬಟ್ಟೆಯ ಕೆಳಗೆ ಹಾದುಹೋಗುತ್ತಿದ್ದವು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಬಟ್ಟೆಗೆ ಒಂದೇ ದಿನ ಎಂಬ ನಿಯಮ ಬಂತು. ಅದಕ್ಕೆ ಬೇಕಾದ ಬಟ್ಟೆಗಳನ್ನು ಅತ್ತೆಯೇ ಹೆಣೆದುಕೊಟ್ಟರು. ಆ ಹೆಣಿಗೆಯನ್ನು ನಿಮಗೂ ಕಲಿಸಿಕೊಡುವುದು ಈ ಲೇಖನದ ಉದ್ದೇಶ. ಅದಕ್ಕೆ ಮೊದಲು, ಬಟ್ಟೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ತಿಳಿಯೋಣ.

ಒದ್ದೆ ಬಟ್ಟೆಯಲ್ಲಿ ಏನು ಬೆಳೆಯುತ್ತದೆ?

ರೋಗಾಣುಗಳಿಗೆ ಬೇಕಾದದ್ದು ಮೂರು: ತೇವ, ಆಹಾರ ಮತ್ತು ಬೆಚ್ಚನೆಯ ಹವೆ. ಪಾತ್ರೆ ತೊಳೆದ ಬಟ್ಟೆಯಲ್ಲಿ ಅನ್ನದ ಅಗುಳು, ಸಾರಿನ ಜಿಡ್ಡು, ಹಾಲಿನ ಕೆನೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಉಳಿದಿರುತ್ತವೆ. ನಮ್ಮ ಕರಾವಳಿಯಂತಹ ಕಡೆ ಹವೆಯಲ್ಲೇ ತೇವವಿದೆ. ಮಳೆಗಾಲದಲ್ಲಿ ಮಡಚಿಟ್ಟ ಬಟ್ಟೆ ಬೆಳಿಗ್ಗೆಯಿಂದ ಸಂಜೆಯವರೆಗೂ ಒಣಗುವುದಿಲ್ಲ. ಇ ಕೋಲಿ ಎಂಬ ಬ್ಯಾಕ್ಟೀರಿಯಾ ಅನುಕೂಲವಾದ ಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡು ಪಟ್ಟಾಗಬಲ್ಲದು. ರಾತ್ರಿ ಸಿಂಕಿನಲ್ಲಿ ಮುದ್ದೆಮಾಡಿ ಬಿಟ್ಟ ಬಟ್ಟೆ ಬೆಳಿಗ್ಗೆ ಸಹರಿಯ ಹೊತ್ತಿಗೆ ಏನಾಗಿರುತ್ತದೆ ಎಂದು ನೀವೇ ಲೆಕ್ಕ ಹಾಕಿ.

2018ರಲ್ಲಿ ಮಾರಿಷಸ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ತಿಂಗಳು ಬಳಸಿದ 100 ಅಡುಗೆಮನೆ ಬಟ್ಟೆಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 49ರಲ್ಲಿ ಬ್ಯಾಕ್ಟೀರಿಯಾ ಬೆಳೆದಿತ್ತು. ಒಂದೇ ಬಟ್ಟೆಯಲ್ಲಿ ಪಾತ್ರೆ, ಕೈ, ಕಟ್ಟೆ ಎಲ್ಲವನ್ನೂ ಒರೆಸುವ ಮನೆಗಳಲ್ಲಿ, ಒದ್ದೆಯಾಗಿಯೇ ಇಡುವ ಮನೆಗಳಲ್ಲಿ ಮತ್ತು ಹೆಚ್ಚು ಜನರಿರುವ ಕುಟುಂಬಗಳಲ್ಲಿ ಅದು ಇನ್ನೂ ಹೆಚ್ಚಾಗಿತ್ತು. ತುಂಬು ಕುಟುಂಬದಲ್ಲಿ ಬಾಳುವ ನಾವು ಈ ಮಾತನ್ನು ಗಮನಿಸಲೇಬೇಕು.

ಬಟ್ಟೆ ಬೇಡ, ಸ್ಪಂಜು ಬಳಸುತ್ತೇನೆ ಎನ್ನುವಿರಾ? 2017ರಲ್ಲಿ ಜರ್ಮನಿಯ ವಿಜ್ಞಾನಿಗಳು ಬಳಸಿದ 14 ಸ್ಪಂಜುಗಳನ್ನು ಪರಿಶೀಲಿಸಿದಾಗ, ಕೆಲವು ಜಾಗಗಳಲ್ಲಿ ಒಂದು ಘನ ಸೆಂಟಿಮೀಟರಿಗೆ 5,000 ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ ಇದ್ದವು. ಒಗೆದ ಬಟ್ಟೆಗೂ ಮುಗ್ಗುಲು ವಾಸನೆ ತರುವ ಮೊರಾಕ್ಸೆಲ್ಲಾ ಎಂಬ ಬಗೆಯೂ ಅವುಗಳಲ್ಲಿತ್ತು. ಸ್ಪಂಜಿನ ಸಾವಿರಾರು ಸಣ್ಣ ಗೂಡುಗಳ ಒಳಗೆ ಗಾಳಿ ಬಿಸಿಲು ಹೋಗುವುದಿಲ್ಲ. ತಮ್ಮ ಸ್ಪಂಜನ್ನು ಆಗಾಗ ಶುಚಿ ಮಾಡುತ್ತೇವೆ ಎಂದವರ ಸ್ಪಂಜುಗಳಲ್ಲೂ ಬ್ಯಾಕ್ಟೀರಿಯಾ ಕಡಿಮೆ ಇರಲಿಲ್ಲ.

ಇವೆಲ್ಲವೂ ರೋಗ ತರುವ ಬ್ಯಾಕ್ಟೀರಿಯಾಗಳಲ್ಲ. ಆರೋಗ್ಯವಂತರಿಗೆ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆದರೆ ಮನೆಯಲ್ಲಿ ಹಸುಗೂಸು, ಗರ್ಭಿಣಿ, ವೃದ್ಧರು ಅಥವಾ ಮಧುಮೇಹ, ಕ್ಯಾನ್ಸರಿನಂತಹ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಇದ್ದರೆ ಎಚ್ಚರ ಬೇಕು.

ಹೆಣೆದ ಹತ್ತಿಬಟ್ಟೆಯೇ ಏಕೆ?

ಕೈಯಲ್ಲಿ ಹೆಣೆದ ಬಟ್ಟೆಗೆ ರೋಗಾಣು ಅಂಟುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯಾವ ಬಟ್ಟೆಯಾದರೂ ಒದ್ದೆಯಾಗಿ ಬಿದ್ದಿದ್ದರೆ ಕೆಡುತ್ತದೆ. ಹತ್ತಿಯ ಅನುಕೂಲವೇ ಬೇರೆ. ಅದನ್ನು ನೀರಿನಲ್ಲಿ ಕುದಿಸಬಹುದು, ಬಿಸಿಲಿಗೆ ಹಾಕಬಹುದು, ನೂರು ಸಲ ಒಗೆಯಬಹುದು. ಒದ್ದೆಯಾದಾಗ ಹತ್ತಿ ನೂಲಿನ ಬಲ ಕುಗ್ಗುವುದಿಲ್ಲ, ಇನ್ನಷ್ಟು ಹೆಚ್ಚುತ್ತದೆ. ಹೆಣೆದ ಬಟ್ಟೆಯ ಕಣ್ಣುಗಳ ಮೂಲಕ ಗಾಳಿ ಆಡುತ್ತದೆ. ನಾನ್‌ಸ್ಟಿಕ್ ಬಾಣಲೆಗೆ, ಪಿಂಗಾಣಿ ತಟ್ಟೆಗೆ ಗೀರು ಬೀಳುವುದಿಲ್ಲ. ಸವೆದು ಹೋದ ಪ್ಲಾಸ್ಟಿಕ್ ಸ್ಕ್ರಬ್ಬರಿನ ಚೂರುಗಳು ಚರಂಡಿಗೆ ಸೇರುವ ಚಿಂತೆಯೂ ಇಲ್ಲ.

ಹಾಗಾದರೆ ಉಬ್ಬುತಗ್ಗಿನ ಹೆಣಿಗೆ ಏಕೆ? ನುಣುಪಾದ ಬಟ್ಟೆ ಜಿಡ್ಡಿನ ಮೇಲೆ ಜಾರಿಹೋಗುತ್ತದೆ. ಉಬ್ಬಿದ ಸಾಲುಗಳಿದ್ದರೆ ಅವು ಅಂಟಿದ ಅಗುಳನ್ನು ಉಜ್ಜಿ ತೆಗೆಯುತ್ತವೆ, ನಡುವಿನ ತಗ್ಗುಗಳು ಸೋಪಿನ ನೊರೆ ಹಿಡಿದಿಡುತ್ತವೆ. ಇದಕ್ಕೆ ಬಳಸುವ ಉಪಾಯ ತೀರಾ ಸುಲಭ. ಕೆಲವು ಕುಣಿಕೆಗಳನ್ನು ಹೆಣೆಯದೆ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಸುಮ್ಮನೆ ದಾಟಿಸುವುದು, ಅಷ್ಟೇ. ದಾಟಿಸಿದ ಕುಣಿಕೆ ಎರಡು ಸಾಲಿನಷ್ಟು ಎತ್ತರಕ್ಕೆ ಹಿಗ್ಗಿ ನಿಲ್ಲುತ್ತದೆ, ಸುತ್ತಲಿನ ಹೆಣಿಗೆಯನ್ನು ಒತ್ತಿ ಉಬ್ಬಿಸುತ್ತದೆ. ಇಡೀ ಬಟ್ಟೆ ಜೇನುಗೂಡಿನ ಹಾಗೆ ಕಾಣುತ್ತದೆ.

ಹೆಣಿಗೆ ಎಂದರೆ ಚಳಿ ದೇಶದವರ ಉಣ್ಣೆಯ ಕೆಲಸ ಎಂದು ಅನೇಕರ ಭಾವನೆ. ಆದರೆ ಇಂದು ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಎರಡು ಕಡ್ಡಿ ಹೆಣಿಗೆಗಳಲ್ಲಿ ಕೆಲವು ಇಸ್ಲಾಮೀ ಆಳ್ವಿಕೆಯ ಕಾಲದ ಈಜಿಪ್ಟಿನವು. ಅವು ನೀಲಿ ಮತ್ತು ಬಿಳಿ ಹತ್ತಿ ನೂಲಿನ ಕಾಲುಚೀಲಗಳು. 1275ರಲ್ಲಿ ತೀರಿಕೊಂಡ ರಾಜಕುಮಾರ ಫರ್ನಾಂಡೋನ, ಸ್ಪೇನಿನ ಬುರ್ಗೋಸ್‌ನಲ್ಲಿರುವ ಸಮಾಧಿಯಲ್ಲಿ ರೇಷ್ಮೆಯಲ್ಲಿ ಹೆಣೆದ ದಿಂಬಿನ ಹೊದಿಕೆ ದೊರೆಯಿತು. ಅದನ್ನು ಹೆಣೆದವರು ಕ್ರೈಸ್ತ ರಾಜಮನೆತನದಲ್ಲಿ ಕೆಲಸಕ್ಕಿದ್ದ ಮುಸ್ಲಿಂ ಕುಶಲಕರ್ಮಿಗಳು. ಅದರ ಅಂಚಿನಲ್ಲಿ ಕೂಫಿ ಲಿಪಿಯಲ್ಲಿ 'ಬರಕತ್' ಎಂಬ ಅರ್ಥದ ಅರಬೀ ಪದವನ್ನು ಹೆಣೆಯಲಾಗಿದೆ. ಹತ್ತಿಯ ಹೆಣಿಗೆ ನಮಗೆ ಹೊಸತೇನಲ್ಲ.

ಬೇಕಾಗುವ ಸಾಮಗ್ರಿ

ಹತ್ತಿ ನೂಲು: 50 ಗ್ರಾಮಿನ ಒಂದು ಉಂಡೆ, ಸುಮಾರು 2 ಮಿ.ಮೀ. ದಪ್ಪದ್ದು. ಅಂಗಡಿಯಲ್ಲಿ ತೆಳ್ಳಗಿನ ಕ್ರೋಶಾ ದಾರ ಮಾತ್ರ ಸಿಕ್ಕಿದರೆ ಎರಡು ಮೂರು ಎಳೆ ಸೇರಿಸಿ ಹೆಣೆಯಿರಿ. ಬಿಳಿ ಅಥವಾ ತಿಳಿ ಬಣ್ಣ ಒಳ್ಳೆಯದು. ಕೊಳೆ ಕಾಣುತ್ತದೆ, ಕುದಿಸಿದಾಗ ಬಣ್ಣ ಬಿಡುವುದಿಲ್ಲ.

ಕಡ್ಡಿ: 4.5 ಮಿ.ಮೀ. ಗಾತ್ರದ ಒಂದು ಜೊತೆ. ನಮ್ಮ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 7 ನಂಬರ್ ಎಂದು ಕೇಳಿ. ಈ ಲೆಕ್ಕದಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಪೂರವಾಗುತ್ತದೆ.

ಜೊತೆಗೆ ಕತ್ತರಿ ಮತ್ತು ದೊಡ್ಡ ಕಣ್ಣಿನ ಮೊಂಡು ಸೂಜಿ.

ನೂಲು ನಿಜವಾಗಿ ಹತ್ತಿಯೇ ಎಂದು ಸಂಶಯವಿದ್ದರೆ ಬೆರಳುದ್ದದ ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಕರಿ ಮಣಿಯಾಗುತ್ತದೆ. ಅಕ್ರಿಲಿಕ್ ನೂಲು ನೀರು ಹೀರುವುದಿಲ್ಲ, ಬಿಸಿ ಪಾತ್ರೆಗೆ ತಾಗಿದರೆ ಕರಗುತ್ತದೆ. ಈ ಕೆಲಸಕ್ಕೆ ಅದು ಬೇಡ.

ಮೊದಲ ಪಾಠ: ನಿಟ್

ಈ ಬಟ್ಟೆಗೆ 'ನಿಟ್' ಎಂಬ ಒಂದೇ ಹೆಣಿಗೆ ಗೊತ್ತಿದ್ದರೆ ಸಾಕು, 'ಪರ್ಲ್' ಬೇಕಿಲ್ಲ.

ನೂಲಿನ ತುದಿಯಲ್ಲಿ ಒಂದು ಜಾರುಗಂಟು ಹಾಕಿ ಕಡ್ಡಿಗೆ ಏರಿಸಿ. ಅದು ಮೊದಲ ಕುಣಿಕೆ. ಆಮೇಲೆ ನೂಲನ್ನು ಹೆಬ್ಬೆರಳಿಗೆ ಸುತ್ತಿ, ಆ ಸುತ್ತಿನೊಳಗೆ ಕಡ್ಡಿ ತೂರಿಸಿ, ಹೆಬ್ಬೆರಳು ತೆಗೆದು ಮೆಲ್ಲಗೆ ಎಳೆಯಿರಿ. ಹೀಗೆ ಒಟ್ಟು 39 ಕುಣಿಕೆ ಏರಿಸಿ. ಬಿಗಿಯಾಗಿ ಎಳೆದರೆ ಮೊದಲ ಸಾಲಿನಲ್ಲೇ ಕಡ್ಡಿ ಒಳಗೆ ಹೋಗುವುದಿಲ್ಲ.

ಈಗ ಕುಣಿಕೆಗಳಿರುವ ಕಡ್ಡಿ ಎಡಗೈಯಲ್ಲಿ, ಖಾಲಿ ಕಡ್ಡಿ ಬಲಗೈಯಲ್ಲಿ, ನೂಲು ಹಿಂದೆ. ಬಲ ಕಡ್ಡಿಯ ತುದಿಯನ್ನು ಮೊದಲ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ. ನೂಲನ್ನು ಆ ತುದಿಗೆ ಒಮ್ಮೆ ಸುತ್ತಿ. ಸುತ್ತಿದ ನೂಲನ್ನು ಕುಣಿಕೆಯ ಮೂಲಕ ಮುಂದಕ್ಕೆ ತನ್ನಿ. ಹಳೆಯ ಕುಣಿಕೆಯನ್ನು ಎಡ ಕಡ್ಡಿಯಿಂದ ಜಾರಿಸಿಬಿಡಿ. ಇದೇ ನಿಟ್. ಸಾಲು ಮುಗಿದ ಮೇಲೆ ಕಡ್ಡಿಗಳನ್ನು ಕೈ ಬದಲಿಸಿ ಮುಂದಿನ ಸಾಲು.

ಎರಡನೇ ಪಾಠ: ದಾಟಿಸುವುದು

ದಾಟಿಸುವ ಕುಣಿಕೆಯೊಳಗೆ ಬಲ ಕಡ್ಡಿಯನ್ನು ಬಲಗಡೆಯಿಂದ ಎಡಕ್ಕೆ ತೂರಿಸಿ. ಎರಡು ಕಡ್ಡಿಗಳ ತುದಿಗಳು ಎದುರುಬದುರಾಗಿರಲಿ. ನೂಲು ಸುತ್ತದೆ, ತಿರುಚದೆ ಕುಣಿಕೆಯನ್ನು ಹಾಗೆಯೇ ಬಲ ಕಡ್ಡಿಗೆ ಸರಿಸಿ.

ಇಲ್ಲಿ ನೆನಪಿಡಬೇಕಾದದ್ದು ಒಂದೇ: ದಾಟಿಸುವಾಗ ನೂಲು ಯಾವಾಗಲೂ ಬಟ್ಟೆಯ ಹಿಂಬದಿಯಲ್ಲಿರಬೇಕು. ಮುಂಬದಿ ನಿಮ್ಮ ಕಡೆಗಿರುವ ಸಾಲಿನಲ್ಲಿ ನೂಲು ಕಡ್ಡಿಯ ಆಚೆ ಇರುತ್ತದೆ. ಹಿಂಬದಿ ನಿಮ್ಮ ಕಡೆಗಿರುವ ಸಾಲಿನಲ್ಲಿ ನೂಲನ್ನು ಕಡ್ಡಿಗಳ ನಡುವಿನಿಂದ ನಿಮ್ಮ ಕಡೆಗೆ ತಂದು, ಕುಣಿಕೆ ದಾಟಿಸಿ, ಮತ್ತೆ ಆಚೆಗೆ ಒಯ್ದು ನಿಟ್ ಮಾಡಬೇಕು.

ಬಟ್ಟೆಯ ಹೆಣಿಗೆ

39 ಕುಣಿಕೆ ಏರಿಸಿದ ಮೇಲೆ ಅಂಚಿಗಾಗಿ 6 ಸಾಲು ಪೂರ್ತಿ ನಿಟ್. ಈಗ ನಿಮ್ಮ ಎದುರಿಗಿರುವ ಬದಿಯೇ ಮುಂಬದಿ. ಗುರುತಿಗೆ ಅಲ್ಲೊಂದು ಪಿನ್ನು ಚುಚ್ಚಿಡಿ. ಮುಂದಿನ 8 ಸಾಲುಗಳು ಒಂದು ಸುತ್ತು.

1 ಮತ್ತು 2ನೇ ಸಾಲು: ಪೂರ್ತಿ ನಿಟ್.

3ನೇ ಸಾಲು: ಮೊದಲ 4 ನಿಟ್. ನಂತರ ಒಂದು ದಾಟಿಸಿ, ಒಂದು ನಿಟ್. ಹೀಗೆಯೇ ಮುಂದುವರಿಸಿ. 16ನೇ ಕುಣಿಕೆ ದಾಟಿಸಿದ ಮೇಲೆ ಉಳಿದ 4 ನಿಟ್.

4ನೇ ಸಾಲು: ಹಿಂದಿನ ಸಾಲಿನಲ್ಲಿ ದಾಟಿಸಿದ ಕುಣಿಕೆಗಳನ್ನೇ ನೂಲು ನಿಮ್ಮ ಕಡೆಗೆ ತಂದು ದಾಟಿಸಿ. ಉಳಿದವು ನಿಟ್. ಮೊದಲು 4, ಕೊನೆಗೆ 4 ನಿಟ್ ಬರುತ್ತವೆ.

5 ಮತ್ತು 6ನೇ ಸಾಲು: ಪೂರ್ತಿ ನಿಟ್.

7ನೇ ಸಾಲು: ಮೊದಲ 5 ನಿಟ್. ನಂತರ ಒಂದು ದಾಟಿಸಿ, ಒಂದು ನಿಟ್. 15ನೇ ಕುಣಿಕೆ ದಾಟಿಸಿದ ಮೇಲೆ ಉಳಿದ 5 ನಿಟ್.

8ನೇ ಸಾಲು: 4ನೇ ಸಾಲಿನಂತೆಯೇ, ದಾಟಿಸಿದವನ್ನೇ ಮತ್ತೆ ದಾಟಿಸಿ.

3ನೇ ಸಾಲಿನ ಉಬ್ಬುಗಳ ನಡುವಿನ ಜಾಗದ ಮೇಲೆ 7ನೇ ಸಾಲಿನ ಉಬ್ಬುಗಳು ಬರುತ್ತವೆ. ಹೀಗೆ 9 ಸುತ್ತು, ಅಥವಾ ಬಟ್ಟೆಯ ಉದ್ದ ಅಗಲದಷ್ಟೇ ಆಗುವವರೆಗೆ ಹೆಣೆಯಿರಿ. ಕೊನೆಗೆ 6 ಸಾಲು ನಿಟ್.

ಮುಗಿಸಲು 2 ಕುಣಿಕೆ ನಿಟ್ ಮಾಡಿ, ಮೊದಲನೆಯದನ್ನು ಎರಡನೆಯದರ ಮೇಲಿಂದ ಎತ್ತಿ ಬಿಡಿ. ಇನ್ನೊಂದು ನಿಟ್, ಮತ್ತೆ ಎತ್ತಿ ಬಿಡಿ. ಕೊನೆಯ ಕುಣಿಕೆಯಲ್ಲಿ ನೂಲು ಕತ್ತರಿಸಿ ಒಳಗಿಂದ ಎಳೆಯಿರಿ. ಉಳಿದ ತುದಿಗಳನ್ನು ಸೂಜಿಯಿಂದ ಹಿಂಬದಿಯಲ್ಲಿ ಬೆರಳುದ್ದದಷ್ಟು ಒಳಗೆ ಸೇರಿಸಿ. ಗಂಟು ಹಾಕಬೇಡಿ, ಗಂಟಿನಲ್ಲಿ ಜಿಡ್ಡು ಕೂರುತ್ತದೆ. ಬಟ್ಟೆ ಸುಮಾರು 20 ಸೆಂ.ಮೀ. ಚೌಕವಾಗುತ್ತದೆ. ಇದಕ್ಕಿಂತ ದೊಡ್ಡದು ಮಾಡುವ ಆಸೆ ಬೇಡ. ದಾಟಿಸಿದ ಹೆಣಿಗೆ ದಪ್ಪವಾಗಿರುವುದರಿಂದ ದೊಡ್ಡ ಬಟ್ಟೆ ಬೇಗ ಒಣಗುವುದಿಲ್ಲ. ಹೆಣಿಗೆಯೂ ಸಡಿಲವಾಗಿಯೇ ಇರಲಿ.

ತಪ್ಪುಗಳು ಎಲ್ಲಿ ಆಗುತ್ತವೆ?

ಮುಂಬದಿಯಲ್ಲಿ ಅಡ್ಡಗೆರೆಯಂತೆ ನೂಲು ಕಂಡರೆ, ದಾಟಿಸುವಾಗ ನೂಲು ತಪ್ಪು ಬದಿಯಲ್ಲಿತ್ತು ಎಂದರ್ಥ. ಒಂದೆರಡು ಕಡೆ ಆದರೆ ಬಿಟ್ಟುಬಿಡಿ, ಪಾತ್ರೆ ತೊಳೆಯಲು ಅಡ್ಡಿಯಿಲ್ಲ. ಬಟ್ಟೆ ಮಧ್ಯದಲ್ಲಿ ಕುಗ್ಗಿ ಅಂಚು ಅಲೆಅಲೆಯಾದರೆ, ದಾಟಿಸಿದ ಕುಣಿಕೆಯ ಹಿಂದೆ ನೂಲನ್ನು ಬಿಗಿಯಾಗಿ ಎಳೆಯುತ್ತಿದ್ದೀರಿ. ಕೈ ಸಡಿಲಿಸಿ. ಪ್ರತಿ 8 ಸಾಲಿಗೊಮ್ಮೆ ಎಣಿಸಿ, 39 ಇರಬೇಕು. ಕಡಿಮೆಯಾಗಿದ್ದರೆ ಎಲ್ಲೋ ಒಂದು ಕುಣಿಕೆ ಜಾರಿದೆ. ಹೆಚ್ಚಾಗಿದ್ದರೆ ನೂಲು ಕಡ್ಡಿಯ ಮೇಲಿಂದ ಸುತ್ತಿಕೊಂಡಿದೆ.

ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು, ಮಣಿಕಟ್ಟು, ಕುತ್ತಿಗೆ ಆಡಿಸಿ. ಹತ್ತಿಗೆ ಉಣ್ಣೆಯಂತೆ ಹಿಗ್ಗುವ ಗುಣವಿಲ್ಲ, ಕೈ ಬೇಗ ಸೋಲುತ್ತದೆ. ಬೆರಳುಗಂಟು ನೋವಿರುವವರಿಗೆ ಬಿದಿರಿನ ಕಡ್ಡಿ ಹಗುರ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಕಡ್ಡಿಗಳನ್ನು ಎತ್ತರದಲ್ಲಿಡಿ.

ಬಳಸುವ ಕ್ರಮ

ಬಟ್ಟೆ ಹೆಣೆಯುವುದು ಅರ್ಧ ಕೆಲಸ. ಇನ್ನರ್ಧ ಈ ಕೆಳಗಿನದು.

ದಿನಕ್ಕೊಂದರಂತೆ 7 ಬಟ್ಟೆ ಇಟ್ಟುಕೊಳ್ಳಿ. ರಾತ್ರಿಯ ಪಾತ್ರೆ ಮುಗಿದ ಮೇಲೆ ಆ ದಿನದ ಬಟ್ಟೆಯನ್ನು ಸೋಪಿನಲ್ಲಿ ತಿಕ್ಕಿ, ಜಾಲಾಡಿ, ಹಿಂಡಿ, ಬಿಡಿಸಿ ಹರವಿ. ಮುದ್ದೆಯಾಗಿ ನಲ್ಲಿಯ ಮೇಲೆ ತೂಗುಹಾಕಬೇಡಿ, ಸಿಂಕಿನಲ್ಲಂತೂ ಬಿಡಲೇಬೇಡಿ.

ಪಾತ್ರೆಗೊಂದು, ಕಟ್ಟೆ ಮೇಜಿಗೆ ಇನ್ನೊಂದು, ಕೈ ಒರೆಸಲು ಮತ್ತೊಂದು. ಅಂಚಿನ ಬಣ್ಣ ಬೇರೆ ಬೇರೆ ಮಾಡಿದರೆ ಮಕ್ಕಳೂ ಗುರುತಿಸುತ್ತಾರೆ.

ಹಸಿ ಕೋಳಿ, ಮಾಂಸ, ಮೀನು ತಾಗಿದ ಹಲಗೆ ಮತ್ತು ಕಟ್ಟೆಗೆ ಈ ಬಟ್ಟೆ ತಾಗಿಸಬೇಡಿ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾದಂತಹ ರೋಗಾಣುಗಳಿರಬಹುದು. ಅದನ್ನು ಎಸೆಯುವ ಹಳೆ ಚಿಂದಿಯಿಂದ ಮೊದಲು ಒರೆಸಿ, ಆಮೇಲೆ ಸೋಪು ಮತ್ತು ಬಿಸಿನೀರಿನಿಂದ ತೊಳೆಯಿರಿ. ಬಕ್ರೀದ್ ದಿನಗಳಲ್ಲಿ ಮನೆ ತುಂಬ ಮಾಂಸವಿದ್ದು ಹತ್ತು ಕೈ ಕೆಲಸ ಮಾಡುವಾಗ ಈ ನಿಯಮ ಮೊದಲು ಮರೆತುಹೋಗುತ್ತದೆ. ಅಂದು ಚಿಂದಿಗಳ ಒಂದು ಗಂಟನ್ನು ಮೊದಲೇ ಕಟ್ಟಿಡಿ.

ವಾರಕ್ಕೆರಡು ಸಲ ಬಟ್ಟೆಗಳನ್ನೆಲ್ಲ ಒಂದು ಹಳೆಯ ಪಾತ್ರೆಯಲ್ಲಿ 10 ನಿಮಿಷ ಕುದಿಸಿ ಬಿಸಿಲಿಗೆ ಹಾಕಿ. ವಾಷಿಂಗ್ ಮಶೀನಿನಲ್ಲಾದರೆ 60 ಡಿಗ್ರಿಯ ಬಿಸಿನೀರು ಇರಲಿ. ಮೊದಲ ಸಲ ಬೇರೆಯಾಗಿಯೇ ಒಗೆಯಿರಿ, ಹತ್ತಿ ಸ್ವಲ್ಪ ಕುಗ್ಗುತ್ತದೆ. ಬ್ಲೀಚ್ ಬಳಸುವವರು ಅದಕ್ಕೆ ವಿನೆಗರ್, ಲಿಂಬೆ, ಟಾಯ್ಲೆಟ್ ಕ್ಲೀನರ್ ಯಾವುದನ್ನೂ ಬೆರೆಸಬಾರದು. ಶ್ವಾಸಕೋಶ ಸುಡುವ ಕ್ಲೋರಿನ್ ಅನಿಲ ಏಳುತ್ತದೆ.

ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಫ್ಯಾನಿನಡಿ ಒಣಗಿಸಿ ಅಥವಾ ಇಸ್ತ್ರಿ ಮಾಡಿ. ಪೂರ್ತಿ ಒಣಗದ ಬಟ್ಟೆಯನ್ನು ಡಬ್ಬಿಯೊಳಗೆ ಮಡಚಿಡಬೇಡಿ.

ಒಲೆಯಿಂದ ಬಿಸಿ ಪಾತ್ರೆ ಇಳಿಸಲು ಇದನ್ನು ಬಳಸಬೇಡಿ. ಒದ್ದೆ ಬಟ್ಟೆಯ ಮೂಲಕ ಶಾಖ ಬೇಗ ಹರಿದು ಕೈ ಸುಡುತ್ತದೆ. ಅದಕ್ಕೆ ದಪ್ಪನೆಯ ಒಣ ಮಸಿಬಟ್ಟೆಯೇ ಬೇಕು. ತಳ ಹಿಡಿದ ಬಿರಿಯಾನಿ ಪಾತ್ರೆಯನ್ನು ಬಿಸಿನೀರು ಹಾಕಿ ನೆನೆಸಿಟ್ಟ ಮೇಲೆಯೇ ಉಜ್ಜಿ.

ಕುದಿಸಿ ಒಣಗಿಸಿದರೂ ವಾಸನೆ ಹೋಗದಿದ್ದರೆ ಆ ಬಟ್ಟೆಯ ಆಯುಸ್ಸು ಮುಗಿಯಿತು. ಎಷ್ಟು ಕಷ್ಟಪಟ್ಟು ಹೆಣೆದಿದ್ದೇನೆ ಎಂದು ಉಳಿಸಿಕೊಳ್ಳಬೇಡಿ.

ಮನೆಯವರೆಲ್ಲರ ಕೆಲಸ

ಬಟ್ಟೆ ಬದಲಿಸುವ ಹೊಣೆಯನ್ನು ಅಡುಗೆ ಮಾಡುವವರೊಬ್ಬರ ಮೇಲೆ ಹೊರಿಸಬೇಡಿ. ಇಫ್ತಾರ್ ಮುಗಿಸಿ ತರಾವೀಹ್‌ಗೆ ಹೊರಡುವ ಮುನ್ನ ತನ್ನ ತಟ್ಟೆ ತೊಳೆದಿಡುವ ಗಂಡಸು, ಬಟ್ಟೆಯನ್ನು ಹಿಂಡಿ ಹರವಿ ಹೋಗುವುದಕ್ಕೆ ಅರ್ಧ ನಿಮಿಷ ಸಾಕು. ಹತ್ತು ವರ್ಷದ ಹುಡುಗನಿಗೂ ಹುಡುಗಿಗೂ ಹೆಣಿಗೆ ಕಲಿಸಬಹುದು. ರಜೆಯಲ್ಲಿ ಮೊಬೈಲಿನಿಂದ ಕಣ್ಣು ತೆಗೆಸಲು ಇದೂ ಒಂದು ದಾರಿ.

ಹಿರಿಯರಿಗೆ ಇದು ಇನ್ನೊಂದು ಬಗೆಯಲ್ಲಿ ನೆರವಾಗುತ್ತದೆ. ಕಾಯಿಲೆಯಿಂದ ಎದ್ದ ಅತ್ತೆಗೆ ಅಡುಗೆಮನೆಯಲ್ಲಿ ನಿಲ್ಲಲು ಶಕ್ತಿ ಇರಲಿಲ್ಲ. "ನನ್ನಿಂದ ಯಾರಿಗೂ ಉಪಯೋಗವಿಲ್ಲ" ಎಂದು ದಿನವಿಡೀ ಹೇಳುತ್ತಿದ್ದರು. ಹುಡುಗಿಯಾಗಿದ್ದಾಗ ಕಲಿತ ಹೆಣಿಗೆ ಅವರ ಬೆರಳಿಗೆ ನೆನಪಿತ್ತು. ಮೊದಲ ಬಟ್ಟೆಗೆ ನಾಲ್ಕು ದಿನ ಹಿಡಿಯಿತು, ಏಳನೆಯದಕ್ಕೆ ಒಂದೂವರೆ ದಿನ. ಈಗ ಪ್ರತಿ ರಾತ್ರಿ ಅವರು ಕೋಣೆಯಿಂದಲೇ ಕೂಗಿ ಕೇಳುತ್ತಾರೆ: "ಇವತ್ತಿನ ಬಟ್ಟೆ ಹರವಿದಿರಾ?" ನಮ್ಮಲ್ಲಿ ಯಾರಾದರೂ ಒಬ್ಬರು "ಹರವಿದ್ದೇವೆ" ಎನ್ನುವವರೆಗೆ ಅವರು ದೀಪ ಆರಿಸುವುದಿಲ್ಲ.

ನಿಮ್ಮ ಮನೆಯಲ್ಲೂ ಇಂದು ರಾತ್ರಿ ಯಾರಾದರೂ ಈ ಪ್ರಶ್ನೆ ಕೇಳಲಿ. ಹೆಣಿಗೆ ಕಲಿಯುವವರೆಗೆ ಕಾಯಬೇಕಿಲ್ಲ. ಹಳೆಯ ಹತ್ತಿ ಪಂಚೆಯನ್ನು ಏಳು ತುಂಡು ಮಾಡಿ, ಇಂದೇ ಶುರುಮಾಡಿ.